ಕಲ್ಲಿನ ಸಂಕಕ್ಕೆ ಸಿಮೆಂಟ್ ಮೆತ್ತಬೇಡಿ

ಹಳೇ ಕಟ್ಟಡಗಳ ದುರಸ್ತಿ ನನ್ನ ಕಸುಬು. ಮಳೆಗಾಲ ಮುಗಿದ ಕೂಡಲೇ ಉಡುಪಿ ಕಡೆಯ ಹಳ್ಳಿಗಳಿಂದ ಬರುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: “ತೋಡಿನ ಹಳೇ ಕಲ್ಲಿನ ಸಂಕದ ಸಂದು ಬಿಟ್ಟಿದೆ, ಸಿಮೆಂಟ್ ಹಾಕಿಸಿದರೆ ಸಾಕಲ್ವಾ?” ಸಂಕ ಅಂದರೆ ತೋಡು, ಹಳ್ಳ ದಾಟುವ ಸಣ್ಣ ಸೇತುವೆ. ದಯವಿಟ್ಟು ಅದಕ್ಕೆ ಸಿಮೆಂಟ್ ಹಾಕಿಸಬೇಡಿ.

ಕಮಾನಿನ ಸಂಕದ ಹೊಟ್ಟೆಯಲ್ಲಿ ಮಣ್ಣು, ಕಲ್ಲುಚೂರು ತುಂಬಿರುತ್ತದೆ. ನಮ್ಮಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಮಳೆ. ಆ ನೀರು ಒಳಗೆ ಇಳಿದೇ ಇಳಿಯುತ್ತದೆ. ಸುಣ್ಣದ ಗಾರೆ ಅದನ್ನು ಸಂದಿನಿಂದ ಹೊರಗೆ ಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ. ಆಗ ನೀರು ಕಲ್ಲಿನೊಳಗಿಂದಲೇ ದಾರಿ ಮಾಡಿಕೊಳ್ಳುತ್ತದೆ. ಮುರಕಲ್ಲಾದರೆ (ಕೆಂಪು ಜಂಬಿಟ್ಟಿಗೆ ಕಲ್ಲು) ಮುಖವೇ ಹುಡಿಯಾಗಿ ಉದುರುತ್ತದೆ. ಸಿಮೆಂಟ್ ಮಾತ್ರ ಗಟ್ಟಿಯಾಗಿ ಉಳಿದಿರುತ್ತದೆ! ಸುಣ್ಣಕ್ಕೆ ಇನ್ನೊಂದು ಗುಣ ಇದೆ. ಕಲ್ಲು ಸ್ವಲ್ಪ ಅಲುಗಿದರೆ ಅದೂ ಅಲುಗುತ್ತದೆ, ಸಣ್ಣ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ. ನಮ್ಮ ಹಿರಿಯರು ಮರುವಾಯಿ ಚಿಪ್ಪು ಸುಟ್ಟು ಮಾಡುತ್ತಿದ್ದ ಸುಣ್ಣ ಈ ಕೆಲಸಕ್ಕೆ ಬಹಳ ಒಳ್ಳೆಯದು.

ಕಂಬದ ಮೇಲೆ ಚಪ್ಪಡಿ ಹಾಸಿದ ಸಂಕದ ಕಷ್ಟ ಬೇರೆ. ಹಂಪಿಯ ವಿಠ್ಠಲ ದೇವಸ್ಥಾನದ ಹತ್ತಿರ ತುಂಗಭದ್ರೆಯಲ್ಲಿ ವಿಜಯನಗರ ಕಾಲದ ಸೇತುವೆಯ ಕಂಬಗಳು ಇಂದಿಗೂ ನಿಂತಿವೆ. ಮೇಲಿನ ಹಾಸು ಉಳಿದಿಲ್ಲ. ಕಲ್ಲು ಮೇಲಿಂದ ಒತ್ತುವ ಭಾರವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಬಾಗುವುದು ಅದಕ್ಕೆ ಆಗದು. ಟಿಪ್ಪರ್ ದಾಟಿದರೆ ಚಪ್ಪಡಿ ಅಡಿಯಿಂದ ಸೀಳುತ್ತದೆ. ಹಾಗಾಗಿ ಮೇಲೆ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ, ತೋಡಿಗೆ ಇಳಿದು ನೋಡಬೇಕು.

ಸಂಕ ಸರ್ಕಾರದ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿದ್ದರೆ ವಿಷಯ ಬೇರೆ. ಸಂರಕ್ಷಿತ ಸ್ಮಾರಕ ಅಂದರೆ ಕಲ್ಲು ಮಾತ್ರ ಅಲ್ಲ, ಸುತ್ತಲಿನ ಜಾಗವೂ ಸೇರಿ. ಹಂಪಿಯ ಎದುರು ದಡದ ಆನೆಗೊಂದಿಯಲ್ಲಿ ಹೊಸ ಸೇತುವೆ ಕಟ್ಟಲು ಹೊರಟದ್ದು 1999ರಲ್ಲಿ ಹಂಪಿಯನ್ನು ಯುನೆಸ್ಕೋದ ಅಪಾಯದ ಪಟ್ಟಿಗೆ ತಳ್ಳಿತು. ಅಲ್ಲಿಂದ ಹೊರಬಂದದ್ದು 2006ರಲ್ಲಿ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ದುರಸ್ತಿಯನ್ನೂ ಪಂಚಾಯತ್ ತಾನಾಗಿ ಮಾಡಿಸುವಂತಿಲ್ಲ.

ನಿಮ್ಮೂರಿನ ಸಂಕ ಯಾವ ಪಟ್ಟಿಯಲ್ಲೂ ಇಲ್ಲದಿದ್ದರೆ, ಫೋಟೋ ಸಮೇತ ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಗೆ ಬರೆಯಿರಿ. ಅಷ್ಟರೊಳಗೆ ದೊಡ್ಡ ಗಾಡಿಗಳನ್ನು ಬೇರೆ ದಾರಿಗೆ ತಿರುಗಿಸಿ. ಸಂದಿನಲ್ಲಿ ಅಶ್ವತ್ಥದ ಗಿಡ ಹುಟ್ಟಿದ್ದರೆ ಎಳೆದು ಕೀಳಬೇಡಿ, ಬೇರಿನ ಜೊತೆ ಕಲ್ಲೂ ಬರುತ್ತದೆ. ಬುಡಕ್ಕೆ ಕತ್ತರಿಸಿ, ಚಿಗುರಿದ ಹಾಗೆಲ್ಲ ಮತ್ತೆ ಕತ್ತರಿಸುತ್ತಾ ಇರಿ.