ಆರ್ಮಾದಲ್ಲಿ ನೈಜತೆ ಎಷ್ಟು ಬೇಕು?

ಪ್ರಶ್ನೆ: ಮಂಗಳೂರು, ಸುರತ್ಕಲ್, ಮಣಿಪಾಲದವರು ಸೇರಿ ನಮ್ಮದು 12 ಮಂದಿಯ ಗುಂಪು, ಇಬ್ಬರು ದುಬೈಯಲ್ಲಿದ್ದಾರೆ. ಭಾನುವಾರ ರಾತ್ರಿ ಆರ್ಮಾ 3 ಎಂಬ ಕಂಪ್ಯೂಟರ್ ಯುದ್ಧದ ಆಟವನ್ನು, ಅದಕ್ಕೆ ಇನ್ನಷ್ಟು ನೈಜತೆ ಸೇರಿಸುವ ಏಸ್ ಎಂಬ ಮಾಡ್ (ಹೆಚ್ಚುವರಿ ತಂತ್ರಾಂಶ) ಹಾಕಿಕೊಂಡು ಆಡುತ್ತೇವೆ. ಅರ್ಧ ಜನಕ್ಕೆ ಎಲ್ಲವೂ ನಿಜವಾದ ಸೇನೆಯ ಹಾಗೇ ಇರಬೇಕು. ಉಳಿದವರು ಬೋರ್ ಎಂದು ಬರುವುದನ್ನೇ ಬಿಡುತ್ತಿದ್ದಾರೆ. ಗೆರೆ ಎಲ್ಲಿ ಎಳೆಯಬೇಕು?

ಉತ್ತರ: ನೈಜತೆಗೆ ಒಂದೇ ತಿರುಗಣೆ ಇದೆ ಎಂದುಕೊಂಡು, ಅದನ್ನು ಏರಿಸಬೇಕೋ ಇಳಿಸಬೇಕೋ ಎಂದು ಜಗಳಾಡುವುದರಿಂದ ಪಂಚಾತಿಗೆ ಮುಗಿಯುವುದೇ ಇಲ್ಲ. ಏಸ್‌ನಲ್ಲಿರುವ ರಾಶಿ ಸೆಟ್ಟಿಂಗ್‌ಗಳನ್ನು ಬಿಡಿಬಿಡಿಯಾಗಿ ನೋಡಿ, ಒಂದೇ ಪ್ರಶ್ನೆ ಕೇಳಿ: ಇದು ಆಟಗಾರನಿಂದ ಏನಾದರೂ ನಿರ್ಧಾರ ಮಾಡಿಸುತ್ತದೆಯೋ, ಸುಮ್ಮನೆ ಕಾಯಿಸುತ್ತದೆಯೋ? ಮ್ಯಾಗಜೀನ್ ಮುಗಿಯುತ್ತಾ ಬಂದರೆ ನಿರ್ಧಾರ ಮಾಡಲೇಬೇಕು. ಟ್ರಕ್ಕಿನ ಹಿಂದೆ 20 ನಿಮಿಷ ಕೂರುವುದು ಕಾಯುವಿಕೆ ಅಷ್ಟೆ. ಇಡೀ ರಾತ್ರಿಯ ಯಕ್ಷಗಾನವನ್ನು ಕಾಲಮಿತಿಗೆ ಇಳಿಸುವಾಗಲೂ ಪೂರ್ವರಂಗಕ್ಕೆ ಕತ್ತರಿ ಬೀಳುತ್ತದೆ. ಯುದ್ಧದ ಕುಣಿತವನ್ನು ಯಾರೂ ಕತ್ತರಿಸುವುದಿಲ್ಲ.

ಜನ ಬಿಟ್ಟುಹೋಗುವುದು ಹೆಚ್ಚಾಗಿ ಗಾಯದ ವ್ಯವಸ್ಥೆಯಿಂದ, ಹಾಗಾಗಿ ಮೊದಲು ಅದನ್ನೇ ಸರಿಮಾಡಿ. ಆಟಗಾರರ ಮಾರಣಾಂತಿಕ ಗಾಯದ ಆಯ್ಕೆಯನ್ನು 'ಹೃದಯ ನಿಂತ ಮೇಲೆ ಮಾತ್ರ' ಎಂದು ಇಡಿ. ಆಗ ಮೊದಲ ಗುಂಡಿಗೇ ಯಾರೂ ಹೊರಗೆ ಹೋಗುವುದಿಲ್ಲ, ಮೆಡಿಕ್‌ಗೂ ಕೆಲಸ ಸಿಗುತ್ತದೆ. ಹೃದಯಸ್ತಂಭನದ ಅವಧಿ, ಅಂದರೆ ಹೃದಯ ನಿಂತವನನ್ನು ಉಳಿಸಲು ಸಿಗುವ ಸಮಯ, 180ರಿಂದ 240 ಸೆಕೆಂಡ್ ಇರಲಿ. ಬ್ಯಾಂಡೇಜಿನ ವಿಧಗಳು ಆನ್ ಇರಲಿ, ಆದರೆ ಗಾಯ ಮತ್ತೆ ಬಾಯ್ಬಿಡುವ ಆಯ್ಕೆ ಬೇಡ. ಅದು ಆನ್ ಇದ್ದರೆ ಮೆಡಿಕ್ ಆದವನು ಸುತ್ತಿದ್ದನ್ನೇ ಮತ್ತೆ ಸುತ್ತುತ್ತಾ ಕೂರಬೇಕು.

ಚಿಕಿತ್ಸೆಯ ಕ್ರಮವನ್ನು ಮಾತ್ರ ಸಡಿಲಿಸಬೇಡಿ, ಎಲ್ಲರಿಗೂ ಕಲಿಸಿ. ಕೈಕಾಲಿನ ರಕ್ತಕ್ಕೆ ಮೊದಲು ಟೂರ್ನಿಕೆಟ್ (ರಕ್ತ ನಿಲ್ಲಿಸಲು ಬಿಗಿಯುವ ಪಟ್ಟಿ), ಆಮೇಲೆ ಬ್ಯಾಂಡೇಜ್, ಆಮೇಲೆ ಟೂರ್ನಿಕೆಟ್ ಬಿಚ್ಚಿ ಸಲೈನ್, ಕೊನೆಗೆ ಎಚ್ಚರಿಸಲು ಎಪಿನೆಫ್ರಿನ್ ಚುಚ್ಚುಮದ್ದು. ಟೂರ್ನಿಕೆಟ್ ಬಿಗಿದ ಕೈಗೇ 1000 ಮಿಲಿಲೀಟರ್ ಚೀಲ ಹಚ್ಚಿದರೆ ಒಂದು ಹನಿಯೂ ಒಳಗೆ ಇಳಿಯುವುದಿಲ್ಲ. 'ಮಾಡ್ ಕೆಟ್ಟಿದೆ ಮಾರಾಯ' ಎಂಬ ದೂರು ಬಂದಾಗ ಮೊದಲು ಆ ಕೈ ನೋಡಿ.

ಸತ್ತವರನ್ನು ಕೊನೆಯವರೆಗೂ ಸ್ಪೆಕ್ಟೇಟರ್‌ನಲ್ಲಿ, ಅಂದರೆ ಬರೀ ನೋಡುಗರಾಗಿ, ಕೂರಿಸಬೇಡಿ. ಮಿಷನ್‌ನ ಡಿಸ್ಕ್ರಿಪ್ಷನ್ ಡಾಟ್ ಇಎಕ್ಸ್‌ಟಿ ಕಡತದಲ್ಲಿ ರೀಸ್ಪಾನ್ (ಸತ್ತವರು ಆಟಕ್ಕೆ ಮರಳುವ) ಕಾಯುವಿಕೆಯನ್ನು 600 ಸೆಕೆಂಡಿಗೆ ಇಟ್ಟು 'ವೇವ್' ಟೆಂಪ್ಲೇಟ್ ಸೇರಿಸಿದರೆ ಸತ್ತವರೆಲ್ಲ ಒಟ್ಟಿಗೆ ಮರಳುತ್ತಾರೆ. ಒಬ್ಬೊಬ್ಬರಾಗಿ ಓಡಿಬಂದು ಒಬ್ಬೊಬ್ಬರಾಗಿ ಸಾಯುವುದು ತಪ್ಪುತ್ತದೆ. ಹತ್ತು ನಿಮಿಷವೆಂದರೆ ಸಾವಿಗೆ ಹೆದರಿಕೆಯೂ ಇರುತ್ತದೆ, ಎದ್ದು ಹೋಗಿ ಮಲಗುವಷ್ಟು ಬೇಜಾರೂ ಆಗುವುದಿಲ್ಲ. ನಮ್ಮ ಕಡೆ ಇನ್ನೊಂದು ಕಾರಣವೂ ಇದೆ: ಮಳೆಗಾಲದಲ್ಲಿ ಕರೆಂಟ್ ಹೋದವನು ಅರ್ಧ ಗಂಟೆ ಬಿಟ್ಟು ಮರಳುತ್ತಾನೆ. ಅವನನ್ನು ಜೀಯಸ್ (ಆಟವನ್ನು ಮೇಲಿನಿಂದ ನಡೆಸುವ ಪಾತ್ರ) ಆದವರು ನೇರ ತಂಡದ ಹತ್ತಿರಕ್ಕೆ ಎತ್ತಿ ಇಡಲಿ. ಆಟದ ಆಲ್ಟಿಸ್ ದ್ವೀಪದ ಮೂಲೆಯಿಂದ ನಡೆಸಿಕೊಂಡು ಬರುವುದರಲ್ಲಿ ಯಾವ ನೈಜತೆಯೂ ಇಲ್ಲ. ಗುಡುಗು-ಸಿಡಿಲು ಜೋರಾದರೆ ಪ್ಲಗ್ ಕೀಳಿ, ಮಿಷನ್ ನಾಳೆಯೂ ಇರುತ್ತದೆ.

ರೇಡಿಯೋದಲ್ಲಿ ಪೂರ್ತಿ ನೈಜತೆ ಇಡಿ, ಇಲ್ಲಿ ರಾಜಿ ಬೇಡ. ಮಾತಾಡಲು ಬಳಸುವ ಟೀಮ್‌ಸ್ಪೀಕ್ ಆ್ಯಪ್ ಜತೆ ಟಿಎಫ್‌ಎಆರ್ ಎಂಬ ರೇಡಿಯೋ ಮಾಡ್ ಹಾಕಿದರೆ ದೂರ, ಗುಡ್ಡ ಎರಡೂ ಧ್ವನಿಯನ್ನು ಕೆಡಿಸುತ್ತವೆ. ಗುಂಪು ನಿಜವಾಗಿ ತಂಡವಾಗುವುದು ಅಲ್ಲಿಯೇ. 12 ಮಂದಿಯಲ್ಲಿ ಕಮಾಂಡರ್, ಮೆಡಿಕ್ ಒಬ್ಬೊಬ್ಬರು, ಉಳಿದವರದು ಐದೈದರ ಎರಡು ತಂಡ. ತಂಡಕ್ಕೊಂದು ಹತ್ತಿರದ ಚಾನೆಲ್, ಇಬ್ಬರು ನಾಯಕರಿಗೆ ಮತ್ತು ಕಮಾಂಡರ್‌ಗೆ ಮಾತ್ರ ದೂರದ ಸೆಟ್. ತುಳುವೋ ಕನ್ನಡವೋ ಕೊಂಕಣಿಯೋ, ನಡೆಯುತ್ತದೆ. ಆದರೆ 'ಅಲ್ಲಿ ಅಲ್ಲಿ, ಮರದ ಹತ್ತಿರ' ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ದಿಕ್ಕಿನ ಡಿಗ್ರಿಯನ್ನು ಅಂಕಿ ಬಿಡಿಸಿ ಹೇಳಿ, ನಂತರ ದೂರ, ನಂತರ ಏನು ಕಂಡಿತು: 'ಎರಡು ಏಳು ಸೊನ್ನೆ, ಮುನ್ನೂರು ಮೀಟರ್, ಗೋಡೆಯ ಹಿಂದೆ ಇಬ್ಬರು.' ಎರಡು ವಾರದಲ್ಲಿ ಅಭ್ಯಾಸವಾಗುತ್ತದೆ.

ದಣಿವಿನ ವ್ಯವಸ್ಥೆ ಇರಲಿ, ಆದರೆ ಪರ್ಫಾರ್ಮೆನ್ಸ್ ಫ್ಯಾಕ್ಟರ್ (ಹೆಚ್ಚಿದಷ್ಟೂ ದಣಿವು ಕಡಿಮೆ) 1ರಿಂದ 1.5ಕ್ಕೆ ಏರಿಸಿ. ಅದಕ್ಕಿಂತ ಮುಖ್ಯವಾಗಿ ಹೊರೆಯನ್ನು 30 ಕಿಲೋ ಒಳಗೆ ಇಡಿ. 'ನಾಲ್ಕು ಹೆಜ್ಜೆಗೇ ಉಸಿರು ಕಟ್ಟುತ್ತದೆ' ಎನ್ನುವವನ ಚೀಲ ತೆರೆದು ನೋಡಿದರೆ ಮೂರು ರಾಕೆಟ್ ಇರುತ್ತವೆ. ತಂಡವನ್ನು ಗುರಿಯಿಂದ ಸುಮಾರು 1 ಕಿಲೋಮೀಟರ್ ದೂರದಲ್ಲಿ ಇಳಿಸಿದರೆ ನಡಿಗೆ ಹತ್ತು-ಹನ್ನೆರಡು ನಿಮಿಷಕ್ಕೆ ಮುಗಿಯುತ್ತದೆ.

ಕಂಪ್ಯೂಟರ್ ಆಡಿಸುವ ಶತ್ರು, ಅಂದರೆ ಎಐ, ಪೊದೆಯ ಆಚೆಯಿಂದ 400 ಮೀಟರ್‌ಗೆ ತಲೆಗೇ ಹೊಡೆಯುತ್ತಿದೆಯೇ? ಸರ್ವರ್ ಪ್ರೊಫೈಲಿನಲ್ಲಿ ಎಐ ಮಟ್ಟವನ್ನು ಕಸ್ಟಮ್ ಮಾಡಿ, ಕೌಶಲ 0.7, ಗುರಿಯ ನಿಖರತೆ 0.25 ಇಡಿ. ಎಐ ಬುದ್ಧಿ ಉಳಿಸಿಕೊಂಡು ಸುತ್ತುವರಿಯುತ್ತದೆ, ಗುಂಡು ಮಾತ್ರ ಮನುಷ್ಯರ ಹಾಗೆ ತಪ್ಪುತ್ತದೆ. ಒಂದೇ ಸಲಕ್ಕೆ 60-70ಕ್ಕಿಂತ ಹೆಚ್ಚು ಎಐ ಬಿಡಬೇಡಿ. ಸರ್ವರ್ ಎಫ್‌ಪಿಎಸ್ (ಅದರ ಕೆಲಸದ ವೇಗ) ಕುಸಿದರೆ ಶತ್ರುಗಳು ನಿಂತಲ್ಲೇ ಗೊಂಬೆಗಳಾಗುತ್ತಾರೆ.

ಸೆಲ್ಯೂಟ್, ರ‍್ಯಾಂಕ್, 'ಸರ್' ಎಲ್ಲ ಬಿಡಿ. ನಾಯಕತ್ವ ವಾರಕ್ಕೊಬ್ಬರಿಗೆ ಹೋಗಲಿ.

ಸೆಟ್ಟಿಂಗ್‌ಗಳನ್ನು ಸಿಬಿಎ (ಏಸ್‌ಗೆ ಬೇಕಾದ ಆಧಾರ ಮಾಡ್) ಆಯ್ಕೆಗಳ ಸರ್ವರ್ ಟ್ಯಾಬಿನಲ್ಲಿ ಬದಲಿಸಿ, ಕಡ್ಡಾಯದ ಗುರುತು ಹಾಕಿ. ಇಲ್ಲದಿದ್ದರೆ ಒಬ್ಬೊಬ್ಬರಿಗೆ ಒಂದೊಂದು ನಿಯಮ ನಡೆದು, ಹೊಸ ಜಗಳ ಶುರುವಾಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಎರಡು ಭಾನುವಾರ ಆಡಿ ನೋಡಿ, ಆಮೇಲೆ ಮುಂದಿನದು. ಶನಿವಾರ ಸಂಜೆಯ ನಂತರ ಸರ್ವರ್‌ನಲ್ಲಿ ಮಾಡ್ ಅಪ್‌ಡೇಟ್ ಬೇಡ. ರಾತ್ರಿ 9:30ಕ್ಕೆ, ದುಬೈಯಲ್ಲಿ 8 ಗಂಟೆಗೆ, ಆಟ ಶುರು ಮಾಡಿ 11:30ಕ್ಕೆ ನಿಲ್ಲಿಸಿ, ಮಿಷನ್ ಅರ್ಧದಲ್ಲಿದ್ದರೂ ಸರಿ. ಪೂರ್ತಿ ನೈಜತೆ ಬೇಕೆನ್ನುವವರಿಗೆ ತಿಂಗಳಿಗೊಂದು ರಾತ್ರಿ ಬೇರೆ ಇಡಿ: ಒಂದೇ ಜೀವ, ಮ್ಯಾಪಿನಲ್ಲಿ ತನ್ನ ಜಾಗದ ಗುರುತಿಲ್ಲ, ಬರುವವರು ಮೊದಲೇ ಹೆಸರು ಕೊಡಬೇಕು.