ಅಪ್ಪನ ಮಾರುತಿ 800: ಇಟ್ಟುಕೊಳ್ಳಬಹುದೇ, ಗುಜರಿಗೆ ಹಾಕಬೇಕೇ?

ಪ್ರಶ್ನೆ: ನಮ್ಮ ತಂದೆಯವರು 1996ರಲ್ಲಿ ಕೊಂಡ ಮಾರುತಿ 800 ಸಾಗರದ ಮನೆಯಲ್ಲಿದೆ. ಅವರು ತೀರಿಕೊಂಡು ಎಂಟು ತಿಂಗಳಾಯಿತು, ಅಲ್ಲಿಂದ ಕಾರು ನಿಂತಲ್ಲೇ ನಿಂತಿದೆ. ಈ ವರ್ಷ ಎಫ್‌ಸಿ ಮುಗಿಯುತ್ತದೆ. ಹದಿನೈದು ವರ್ಷ ದಾಟಿದ ಕಾರು ಓಡಿಸುವಂತಿಲ್ಲ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ. ಅಮ್ಮನಿಗೆ ಕಾರು ಕೊಡಲು ಮನಸ್ಸಿಲ್ಲ. ನಾನಿರುವುದು ಬೆಂಗಳೂರಿನಲ್ಲಿ. ಏನು ಮಾಡಲಿ?

ಉತ್ತರ: ಮೊದಲು ಹೆದರಿಕೆ ಬಿಡಿ. ಕರ್ನಾಟಕದಲ್ಲಿ ಸ್ವಂತ ಬಳಕೆಯ ಪೆಟ್ರೋಲ್ ಕಾರಿಗೆ ಇಷ್ಟೇ ವರ್ಷ ಆಯುಸ್ಸು ಎಂಬ ನಿಯಮವಿಲ್ಲ. ನಿಮ್ಮ ಕಿವಿಗೆ ಬಿದ್ದಿರುವುದು ದೆಹಲಿಯ ಸುದ್ದಿ. ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ವಾಹನ ರಸ್ತೆಗಿಳಿಯಬಾರದು ಎಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ನಿಜ. ಅದು ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ಪ್ರದೇಶಕ್ಕೆ ಮಾತ್ರ. ಸರ್ಕಾರಿ ಇಲಾಖೆಗಳ ವಾಹನಗಳಿಗೂ 2023ರಿಂದ ಹದಿನೈದು ವರ್ಷದ ಮಿತಿ ಬಂದಿದೆ. ಈ ಎರಡೂ ಸುದ್ದಿ ಬೆರೆತು ಊರೂರಲ್ಲಿ ಗಾಬರಿ ಹುಟ್ಟಿಸಿವೆ.

ನಿಮ್ಮ ಕಾರಿನ ಲೆಕ್ಕ ಹೀಗಿದೆ. ಮೊದಲ ನೋಂದಣಿ ಹದಿನೈದು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ನೀವು ಎಫ್‌ಸಿ ಎಂದದ್ದು ಇದನ್ನೇ. ಅಂದರೆ ತಂದೆಯವರು 2011, 2016, 2021ರಲ್ಲಿ ಆರ್‌ಟಿಒಗೆ ಹೋಗಿ ಮಾಡಿಸಿಕೊಂಡು ಬಂದಿದ್ದಾರೆ. ಈಗ ನಾಲ್ಕನೆಯ ಸಲ, ನಿಮ್ಮ ಸರದಿ. ಫಾರಂ 25ರಲ್ಲಿ ಅರ್ಜಿ, ಅವಧಿ ಮುಗಿಯುವ ಮುಂಚಿನ 60 ದಿನದೊಳಗೆ. ಹದಿನೈದು ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ರೂಪಾಯಿ ಆಯಿತು. ಇಪ್ಪತ್ತು ವರ್ಷ ದಾಟಿದವಕ್ಕೆ 2025ರಲ್ಲಿ 10,000ಕ್ಕೆ ಏರಿಸಿದ್ದಾರೆ. ಜೊತೆಗೆ ಹಸಿರು ತೆರಿಗೆ. ತಡ ಮಾಡಿದರೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ. ಹಳೇ ಕಾರು ಇಟ್ಟುಕೊಂಡವರಿಗೆ ಇದು ಭಾರವೇ. ವರ್ಷಕ್ಕೆ ಸಾವಿರ ಕಿಲೋಮೀಟರ್ ಓಡದ ಕಾರಿಗೆ ಇಷ್ಟು ಶುಲ್ಕ ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ.

ಆದರೆ ಅದಕ್ಕೂ ಮೊದಲು ಆರ್‌ಸಿ ನಿಮ್ಮ ಅಥವಾ ಅಮ್ಮನ ಹೆಸರಿಗೆ ಬರಬೇಕು. ಮಾಲೀಕರು ತೀರಿಕೊಂಡರೆ 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಅರ್ಜಿ ಹಾಕಬೇಕು. ದುಃಖದ ಮನೆಯಲ್ಲಿ ಇದೆಲ್ಲ ಯಾರಿಗೆ ನೆನಪಿರುತ್ತದೆ? ತಡವಾದದ್ದಕ್ಕೆ ದಂಡ ಬೀಳಬಹುದು, ಕೆಲಸವೇನೂ ನಿಲ್ಲುವುದಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ಅಣ್ಣತಮ್ಮ ಅಕ್ಕತಂಗಿಯರಿದ್ದರೆ ಅವರ ಒಪ್ಪಿಗೆ ಪತ್ರ ಹೊಂದಿಸಿಟ್ಟುಕೊಳ್ಳಿ. ಇನ್ಶೂರೆನ್ಸನ್ನೂ ಅದೇ ಹೆಸರಿಗೆ ಬದಲಾಯಿಸಿ. ತೀರಿಕೊಂಡವರ ಹೆಸರಿನ ಪಾಲಿಸಿ ಇಟ್ಟುಕೊಂಡು ಅಪಘಾತವಾದರೆ ಪರಿಹಾರಕ್ಕೆ ಅಲೆದಾಟ ತಪ್ಪದು. ಎಮಿಷನ್ ಸರ್ಟಿಫಿಕೇಟ್, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್, ಫಾಸ್ಟ್‌ಟ್ಯಾಗ್ ಇವೆಯೋ ನೋಡಿಕೊಳ್ಳಿ.

ಇಷ್ಟು ಕಾಗದದ ಮಾತು. ಇಟ್ಟುಕೊಳ್ಳಬೇಕೋ ಬೇಡವೋ ಎಂಬುದು ತೀರ್ಮಾನವಾಗುವುದು ಕಾರಿನ ಅಡಿಯಲ್ಲಿ. ಎಂಜಿನ್ ಬಗ್ಗೆ ಚಿಂತೆ ಬೇಡ. ಮೂರು ಸಿಲಿಂಡರಿನ 796 ಸಿಸಿ ಎಂಜಿನ್ನಿನಷ್ಟು ಸರಳವಾದದ್ದು ಇನ್ನೊಂದಿಲ್ಲ, ಅದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ. ಓಮ್ನಿಗೂ ಇದೇ ವಂಶದ ಎಂಜಿನ್, ಓಮ್ನಿ ತಯಾರಿಕೆ ನಿಂತದ್ದು 2019ರಲ್ಲಿ. ಹಾಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಎಂಜಿನ್ ಸಾಮಾನು ಸಿಗುತ್ತದೆ. ಸಿಗದಿರುವುದು, ಸಿಕ್ಕರೂ ಕೂರಿಸಲು ಕಷ್ಟವಾಗುವುದು ತಗಡು. ಸಾಗರದ ಮಳೆ ಕಂಡ ಕಾರಿನಲ್ಲಿ ಮೊದಲು ನೋಡಬೇಕಾದದ್ದು ಅದನ್ನೇ.

ಮುಂದಿನ ಸಲ ಊರಿಗೆ ಹೋದಾಗ ಡ್ರೈವರ್ ಸೀಟಿನ ಮುಂದಿನ ರಬ್ಬರ್ ಮ್ಯಾಟ್ ಎತ್ತಿ, ಅದರಡಿಯ ಹೊದಿಕೆಯನ್ನೂ ಎತ್ತಿ ಅಂಗೈಯಿಂದ ಒತ್ತಿ ನೋಡಿ. ತೇವವಿದ್ದರೆ ನೀರು ಒಳಗೆ ಬರುತ್ತಿದೆ ಎಂದರ್ಥ. ಹೆಚ್ಚಾಗಿ ಮುಂದಿನ ಗಾಜಿನ ಸುತ್ತಲಿನ ರಬ್ಬರ್ ಒಣಗಿ ಬಿರುಕು ಬಿಟ್ಟಿರುತ್ತದೆ. ಆಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ನೆಲದ ತಗಡನ್ನು ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಸತ್ತ ಸದ್ದು ಮಾಡುತ್ತದೆ. ಬ್ಯಾಟರಿ ಕೂರಿಸುವ ತಟ್ಟೆಯ ಕೆಳಗೆ, ಬಾಗಿಲುಗಳ ತಳದ ಅಂಚು, ಚಕ್ರದ ಕಮಾನಿನ ಒಳಗೆ, ಜಾಕ್ ಕೊಡುವ ಜಾಗ, ಇಷ್ಟನ್ನೂ ಬಿಡಬೇಡಿ. ಚಾಸಿ ನಂಬರು ಕೊರೆದ ಜಾಗದಲ್ಲಿ ತುಕ್ಕಿದ್ದರೆ ಮೃದುವಾಗಿ ಒರೆಸಿ ಎಣ್ಣೆ ಸವರಿ. ಇನ್‌ಸ್ಪೆಕ್ಟರ್ ಮುಂದೆ ಆ ನಂಬರು ಓದಲು ಬರಬೇಕು.

ನಮ್ಮ ಮನೆಯ ಬಿಳಿ 800ರ ನೆಲ ತೂತಾದಾಗ ಒಂದು ಗ್ಯಾರೇಜಿನಲ್ಲಿ ಅದರ ಮೇಲೆ ಅಂಟು ಮೆತ್ತಿ ಟಾರು ಬಳಿದು ಕೊಟ್ಟಿದ್ದರು. ನೋಡಲು ಹೊಸದರಂತೆಯೇ ಇತ್ತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ, ಪಂಕ್ಚರ್ ಆಗಿ ಜಾಕ್ ಏರಿಸಿದರೆ ಕಾರು ಮೇಲೇಳಲಿಲ್ಲ, ತಗಡೇ ಕುಸುಕುಸು ಎಂದು ಮಡಚಿಕೊಂಡಿತು. ಅಂಟಿನ ಹಿಂದೆ ತುಕ್ಕು ತನ್ನ ಪಾಡಿಗೆ ಹರಡುತ್ತಲೇ ಇತ್ತು. ಆದ್ದರಿಂದ ಟಿಂಕರಿಂಗ್‌ನವರಿಗೆ ಒತ್ತಿ ಹೇಳಿ: ತಿಂದುಹೋದ ಭಾಗ ಕತ್ತರಿಸಿ ತೆಗೆದು ಹೊಸ ತಗಡು ವೆಲ್ಡ್ ಮಾಡಬೇಕು, ಆಮೇಲೆ ಬಣ್ಣ. ತೂತು ನೆಲದಲ್ಲಿ ಮಾತ್ರ ಇದ್ದರೆ ಧೈರ್ಯವಾಗಿ ಮಾಡಿಸಿ. ಸಸ್ಪೆನ್ಷನ್ ಕೂರುವ ಜಾಗವೇ ಸಡಿಲವಾಗಿದ್ದರೆ ಆ ಕಾರಿನಲ್ಲಿ ಅಮ್ಮನನ್ನು ಕೂರಿಸಬೇಡಿ.

ಎಂಟು ತಿಂಗಳು ನಿಂತ ಕಾರಿಗೆ ಒಮ್ಮೆಲೇ ಸೆಲ್ಫ್ ಹೊಡೆಯಬೇಡಿ. ಟ್ಯಾಂಕಿನ ಹಳೇ ಪೆಟ್ರೋಲ್ ಖಾಲಿ ಮಾಡಿಸಿ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, 1996ರ ಕಾಲದ ರಬ್ಬರಿಗೆ ಅದು ಒಗ್ಗುವುದೂ ಇಲ್ಲ. ಪೆಟ್ರೋಲ್ ಪೈಪುಗಳು, ಪಂಪಿನ ಡಯಾಫ್ರಂ ಬದಲಾಯಿಸಿ ಕಾರ್ಬೊರೇಟರ್ ತೊಳೆಸಿ. ದೊಡ್ಡ ಖರ್ಚಲ್ಲ, ಆದರೆ ಬಾನೆಟ್ ಅಡಿಯಲ್ಲಿ ಪೆಟ್ರೋಲ್ ಸೋರುವ ಅಪಾಯ ತಪ್ಪುತ್ತದೆ. ಟೈಮಿಂಗ್ ಬೆಲ್ಟ್ ಎಷ್ಟು ಓಡಿದೆ ಎಂದು ಕೇಳಬೇಡಿ, ಎಷ್ಟು ವರ್ಷವಾಯಿತು ಎಂದು ಕೇಳಿ. ಬಿಲ್ ಸಿಗದಿದ್ದರೆ ಹೊಸದು ಹಾಕಿಸಿ. ಟೈರಿನದೂ ಹಾಗೆಯೇ. ಅದರ ಪಕ್ಕೆಯಲ್ಲಿ ನಾಲ್ಕಂಕಿ ಒತ್ತಿರುತ್ತಾರೆ, 3512 ಎಂದಿದ್ದರೆ 2012ರ 35ನೇ ವಾರದ್ದು. ಮೇಲ್ಮೈಯ ಗೀರು ಆಳವಿದ್ದರೂ ಅಂಥ ಟೈರ್ ಕಲ್ಲಾಗಿರುತ್ತದೆ, ಮಳೆಯಲ್ಲಿ ಹಿಡಿತ ಸಿಗುವುದಿಲ್ಲ.

1983ರ ಡಿಸೆಂಬರ್ 14ರಂದು ಮೊಟ್ಟಮೊದಲ ಮಾರುತಿ 800ರ ಕೀಲಿಯನ್ನು ಇಂದಿರಾ ಗಾಂಧಿಯವರು ಕೊಟ್ಟದ್ದು ಹರ್‌ಪಾಲ್ ಸಿಂಗ್ ಎಂಬ ಇಂಡಿಯನ್ ಏರ್‌ಲೈನ್ಸ್ ನೌಕರರಿಗೆ. 2010ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಕಾರನ್ನು ಬಿಟ್ಟುಕೊಡಲಿಲ್ಲ. ಅವರ ನಂತರ ಅದೇ ಕಾರು ದೆಹಲಿಯ ಮನೆಯ ಹೊರಗೆ ಬಿಸಿಲು ಮಳೆಗೆ ತುಕ್ಕು ಹಿಡಿಯುತ್ತಾ ನಿಂತಿತ್ತು. ದೇಶದ ಮೊದಲನೆಯದು ಎಂಬ ಕಾರಣಕ್ಕೆ ಕೊನೆಗೆ ಕಂಪನಿಯೇ ಅದನ್ನು ಸರಿಪಡಿಸಿ ತನ್ನ ಮುಖ್ಯ ಕಚೇರಿಯಲ್ಲಿ ಇಟ್ಟುಕೊಂಡಿತು. ನಮ್ಮ ನಿಮ್ಮ ಮನೆಯ ಕಾರಿಗೆ ಆ ಭಾಗ್ಯವಿಲ್ಲ, ನಾವೇ ನೋಡಿಕೊಳ್ಳಬೇಕು. ಅಂಬಾಸಡರ್, ಪದ್ಮಿನಿಗೆ ವರ್ಷಗಟ್ಟಲೆ ಕಾದ ತಲೆಮಾರಿಗೆ, ಬಸ್ಸಿನಲ್ಲಿ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಊರಿಗೆ ಹೋದವರಿಗೆ, ಈ ಪುಟ್ಟ ಕಾರು ಏನಾಗಿತ್ತು ಎಂದು ನಿಮ್ಮ ಅಮ್ಮನಿಗೆ ಗೊತ್ತು. ಅವರ ಮನಸ್ಸನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಕೊನೆಗೂ ಕೊಡಲೇಬೇಕು ಎಂದಾದರೆ ಬೀದಿಯ ಗುಜರಿಯವರಿಗೆ ತೂಕಕ್ಕೆ ಹಾಕಬೇಡಿ. ಆರ್‌ಸಿ ರದ್ದಾಗದೆ ಹೋದ ಕಾರಿನ ನಂಬರ್ ಪ್ಲೇಟ್ ಇನ್ನೆಲ್ಲೋ ಓಡಿದರೆ ಪೊಲೀಸರು ಬರುವುದು ನಿಮ್ಮ ಮನೆಗೆ. ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟರೆ ಕಾರು ಒಪ್ಪಿಸಿದ್ದಕ್ಕೆ ಠೇವಣಿ ಪ್ರಮಾಣಪತ್ರ (ಸರ್ಟಿಫಿಕೇಟ್ ಆಫ್ ಡೆಪಾಸಿಟ್) ಕೊಡುತ್ತಾರೆ, ಹೊಸ ಕಾರು ಕೊಳ್ಳುವಾಗ ಅದರಿಂದ ತೆರಿಗೆ ರಿಯಾಯಿತಿ ಪಡೆಯಬಹುದು.

ತಗಡು ಗಟ್ಟಿಯಿದ್ದರೆ ನನ್ನ ಸಲಹೆ ಇಟ್ಟುಕೊಳ್ಳಿ ಎಂದೇ. ಬೆಂಗಳೂರಿಗೆ ತರಬೇಡಿ. ರಸ್ತೆ ಬದಿಯಲ್ಲಿ ನಿಲ್ಲಿಸಿ ಧೂಳು ಹಿಡಿಸುವುದಕ್ಕಿಂತ ಸಾಗರದ ಮನೆಯ ಸೂರಿನಡಿಯೇ ಮೇಲು. ಪಕ್ಕದ ಮನೆಯ ನಂಬಿಕಸ್ಥರಿಗೆ ಕೀಲಿ ಕೊಟ್ಟು, ವಾರಕ್ಕೊಮ್ಮೆ ಅಮ್ಮನನ್ನು ಕೂರಿಸಿಕೊಂಡು ಇಕ್ಕೇರಿಯವರೆಗೆ ಹೋಗಿಬರಲು ಹೇಳಿ. ಎಂಜಿನ್ ಪೂರ್ತಿ ಬಿಸಿಯಾಗಲು, ಬ್ಯಾಟರಿ ಚಾರ್ಜ್ ಆಗಲು ಅಷ್ಟು ದೂರ ಸಾಕು. ಬೆಳಿಗ್ಗೆ ಚಳಿಯಿದ್ದರೆ ಚೋಕ್ ಎಳೆದು ಸ್ಟಾರ್ಟ್ ಮಾಡಬೇಕು, ಅರ್ಧ ನಿಮಿಷಕ್ಕೆ ನಿಧಾನವಾಗಿ ಒಳಗೆ ತಳ್ಳಬೇಕು. ಇದು ಈಗಿನ ಹುಡುಗರಿಗೆ ಗೊತ್ತಿರುವುದಿಲ್ಲ, ಅಮ್ಮನೇ ಹೇಳಿಕೊಡುತ್ತಾರೆ.