ಸ್ಪೆಕ್ಟ್ರಂ ನಿಯಂತ್ರಣ: ಹರಾಜಿಗಿಂತ ಮೊದಲು ಅರ್ಥ ಮಾಡಿಕೊಳ್ಳಬೇಕಾದ್ದು

ಸ್ಪೆಕ್ಟ್ರಂ, ಅಂದರೆ ಮೊಬೈಲ್, ರೇಡಿಯೊಗಳು ಬಳಸುವ ಅಲೆಗಳ ಫ್ರೀಕ್ವೆನ್ಸಿಗಳ ಹರವು. ಅದರ ಹೆಸರೆತ್ತಿದ ಕೂಡಲೇ ನಾವು ಹರಾಜಿನ ಅಂಕಿಗಳನ್ನು ಬಾಯಿಪಾಠ ಮಾಡಲು ಕೂರುತ್ತೇವೆ. ಅದಕ್ಕೂ ಮೊದಲು ಒಂದು ಪ್ರಶ್ನೆ ಇದೆ. ರೇಡಿಯೊ ಅಲೆ ಹರಿಸಲು ಸರ್ಕಾರದ ಅನುಮತಿ ಯಾಕೆ ಬೇಕು?

ಅಡಚಣೆ ಆಗಬಾರದು ಅಂತ. ಆದರೆ ಅಡಚಣೆ ಆಗುವುದು ಎಲ್ಲಿ? ಗಾಳಿಯಲ್ಲಿ ಎರಡು ಅಲೆ ಎದುರಾದರೆ ಒಂದನ್ನೊಂದು ಹಾಳು ಮಾಡುವುದಿಲ್ಲ, ಸುಮ್ನೆ ದಾಟಿ ಹೋಗುತ್ತವೆ. ತೊಂದರೆ ಇರುವುದು ರಿಸೀವರ್‌ನಲ್ಲಿ. ಒಂದೇ ಫ್ರೀಕ್ವೆನ್ಸಿಯಲ್ಲಿ ಎರಡು ಸಿಗ್ನಲ್ ಒಟ್ಟಿಗೆ ಬಂದರೆ ತನಗೆ ಬೇಕಾದ್ದನ್ನು ಬಿಡಿಸಿಕೊಳ್ಳಲು ಅದಕ್ಕೆ ಕಷ್ಟ. ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಉಳಿದದ್ದು ಸಲೀಸು.

ಹಳೆಯ ರಿಸೀವರ್‌ಗಳಿಗೆ ಹೀಗೆ ಬಿಡಿಸುವ ಶಕ್ತಿ ತೀರಾ ಕಡಿಮೆ ಇತ್ತು. ಹಾಗಾಗಿ ಒಂದು ಪಟ್ಟಿ (ಬ್ಯಾಂಡ್, ಅಂದರೆ ಫ್ರೀಕ್ವೆನ್ಸಿಗಳ ಒಂದು ತುಂಡು) ಒಬ್ಬರಿಗೆ ಎಂಬ ಪದ್ಧತಿ ಬಂತು. ಟೈಟಾನಿಕ್ ಮುಳುಗಿದ 1912ರಲ್ಲೇ ಅಮೆರಿಕ ರೇಡಿಯೊ ಕೇಂದ್ರಗಳಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಅಲೆಗಳಿಗೆ ಗಡಿ ಇಲ್ಲವಲ್ಲ, ಅದಕ್ಕೇ ದೇಶಗಳ ನಡುವಿನ ಹೊಂದಾಣಿಕೆಯನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ನೋಡಿಕೊಳ್ಳುತ್ತದೆ.

ಲೈಸೆನ್ಸ್ ಯಾರಿಗೆ ಕೊಡಬೇಕು? ಅಧಿಕಾರಿಗಳು ಆರಿಸುವ ಬದಲು ಮಾರುಕಟ್ಟೆಗೆ ಬಿಡಿ ಎಂದು ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1959ರಲ್ಲೇ ವಾದಿಸಿದರು. ಅಮೆರಿಕದಲ್ಲಿ ಮೊದಲ ಹರಾಜು ನಡೆದದ್ದು 1994ರಲ್ಲಿ. ಅದರ ವಿಧಾನ ರೂಪಿಸಿದವರಲ್ಲಿ ಪಾಲ್ ಮಿಲ್‌ಗ್ರಾಮ್ ಮತ್ತು ರಾಬರ್ಟ್ ವಿಲ್ಸನ್ ಮುಖ್ಯರು, ಇವರಿಗೆ 2020ರಲ್ಲಿ ನೊಬೆಲ್ ಬಂತು. 2000ದಲ್ಲಿ ಬ್ರಿಟನ್ನಿನ 3ಜಿ ಹರಾಜು ಸುಮಾರು 2,250 ಕೋಟಿ ಪೌಂಡ್ ತಂದಿತು. ಬೊಕ್ಕಸ ತುಂಬಿತು ಅಂದ ಮಾತ್ರಕ್ಕೆ ನೀತಿ ಗೆದ್ದಿತು ಅನ್ನುವುದು ಅವಸರದ ಮಾತು.

ಯಾಕೆಂದರೆ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ನಿರ್ಧಾರದಲ್ಲಿ ಹರಾಜೇ ಇರಲಿಲ್ಲ. 1985ರಲ್ಲಿ ಅಮೆರಿಕದ ನಿಯಂತ್ರಕ ಸಂಸ್ಥೆ ಎಫ್‌ಸಿಸಿ, 2.4 ಗಿಗಾಹರ್ಟ್ಸ್ ಸೇರಿ ಮೂರು ಪಟ್ಟಿಗಳಲ್ಲಿ ಲೈಸೆನ್ಸ್ ಇಲ್ಲದೆ ಸಂವಹನ ಮಾಡಲು ಬಿಟ್ಟಿತು. ಮೈಕ್ರೋವೇವ್ ಓವನ್‌ಗಳ ಗಲಾಟೆ ತುಂಬಿದ, ಯಾರಿಗೂ ಬೇಡವಾಗಿದ್ದ ಜಾಗ ಅದು. ಮುಖ್ಯ ಷರತ್ತುಗಳು: ಕಡಿಮೆ ಶಕ್ತಿ ಬಳಸಿ, ಬೇರೆಯವರಿಂದಾಗುವ ಅಡಚಣೆಯನ್ನು ಸಹಿಸಿಕೊಳ್ಳಿ. ಅಲ್ಲಿಂದಲೇ ವೈಫೈ ಬೆಳೆಯಿತು. ಗಲಾಟೆಯಲ್ಲೂ ಕೇಳಿಸಿಕೊಳ್ಳಬಲ್ಲ ರಿಸೀವರ್ ಬಂದಿತ್ತು, ಅದಕ್ಕೇ ಆ ನಿಯಮ ಕೆಲಸ ಮಾಡಿತು.

ಉಲ್ಟಾ ಉದಾಹರಣೆಯೂ ಇದೆ. 2022ರ ಆರಂಭದಲ್ಲಿ ಅಮೆರಿಕದಲ್ಲಿ 5ಜಿಗೆ ವಿಮಾನಯಾನ ವಲಯ ಆಕ್ಷೇಪ ಎತ್ತಿತು. ಆಗ ಹರಾಜಾಗಿದ್ದ ಪಟ್ಟಿ 3.98 ಗಿಗಾಹರ್ಟ್ಸ್‌ಗೆ ಮುಗಿಯುತ್ತದೆ. ವಿಮಾನದ ಎತ್ತರ ಅಳೆಯುವ ರೇಡಿಯೊ ಆಲ್ಟಿಮೀಟರ್‌ನ ಪಟ್ಟಿ ಶುರುವಾಗುವುದು 4.2ಕ್ಕೆ. ನಡುವೆ ಇಷ್ಟು ಖಾಲಿ ಜಾಗ ಇದ್ದರೂ ಭಯ ಯಾಕೆ? ಕೆಲವು ಆಲ್ಟಿಮೀಟರ್‌ಗಳ ರಿಸೀವರ್ ತನ್ನ ಪಟ್ಟಿಯಾಚೆಯ ಸಿಗ್ನಲ್‌ಗೂ ಕಿವಿಗೊಡುತ್ತಿತ್ತು. ಫಿಲ್ಟರ್ ಹಾಕಬೇಕಾಯಿತು. ನಿಯಮ ಪ್ರಸಾರ ಮಾಡುವವರನ್ನಷ್ಟೇ ಬಿಗಿ ಹಿಡಿದರೆ ಸಾಲದು, ಅಲ್ವಾ?

ಈಗಿನ ಹೊಸ ದಾರಿ ಹಂಚಿಕೊಂಡು ಬಳಸುವುದು. ಅಮೆರಿಕದ 3.55ರಿಂದ 3.7 ಗಿಗಾಹರ್ಟ್ಸ್ ಪಟ್ಟಿಯಲ್ಲಿ ನೌಕಾಪಡೆಯ ರೇಡಾರ್‌ಗೆ ಮೊದಲ ಹಕ್ಕು, ನಂತರ ಹಣ ಕೊಟ್ಟವರಿಗೆ, ಮಿಕ್ಕದ್ದು ಉಳಿದವರಿಗೆ. ರೇಡಾರ್ ಸದ್ದು ಕರಾವಳಿಯ ಸೆನ್ಸರ್‌ಗೆ ಸಿಕ್ಕ ಕೂಡಲೇ ಸಾಫ್ಟ್‌ವೇರ್ ಉಳಿದವರನ್ನು ಬೇರೆ ಚಾನೆಲ್‌ಗೆ ಕಳಿಸುತ್ತದೆ.

6 ಗಿಗಾಹರ್ಟ್ಸ್ ಪಟ್ಟಿ ಯಾರಿಗೆ ಎಂಬ ಜಗಳವನ್ನೂ ಇದೇ ಕಣ್ಣಿನಿಂದ, ಅಂದರೆ ರಿಸೀವರ್ ಎಷ್ಟು ಅಡಚಣೆ ತಡೆದುಕೊಳ್ಳಬಲ್ಲದು ಎಂದು ನೋಡಿ. 2020ರಲ್ಲಿ ಅಮೆರಿಕ 5.925ರಿಂದ 7.125ರವರೆಗಿನ ಇಡೀ ಪಟ್ಟಿಯನ್ನು ಲೈಸೆನ್ಸ್ ಇಲ್ಲದ ಬಳಕೆಗೆ ತೆರೆಯಿತು. ಯುರೋಪ್ 2021ರಲ್ಲಿ ಕೆಳಗಿನ 480 ಮೆಗಾಹರ್ಟ್ಸ್ ಮಾತ್ರ ಕೊಟ್ಟಿತು. ಮೇಲಿನ ಭಾಗಕ್ಕೆ ಮೊಬೈಲ್ ಕಂಪನಿಗಳೂ ವೈಫೈ ಕಡೆಯವರೂ ಪಟ್ಟು ಹಿಡಿದಿದ್ದಾರೆ.